0.04 ಚದರ ಮೀಟರ್ ವ್ಯಾನ್ ವೀನ್ ಗ್ರ್ಯಾಬ್: ಅಳಿವೆಗೆ ಸೈ, ಗಟ್ಟಿ ಮರಳಿಗೆ ಅಷ್ಟಕ್ಕಷ್ಟೇ

ಅಳಿವೆ, ಹಿನ್ನೀರು, ಹತ್ತು ಹದಿನೈದು ಮೀಟರ್ ಆಳದ ಕಡಲು. ಇಲ್ಲೆಲ್ಲ ತಳದ ಕೆಸರಿನಲ್ಲಿರುವ ಹುಳು, ಮರಿಚಿಪ್ಪು, ಸಣ್ಣ ಕವಚಜೀವಿಗಳ ಲೆಕ್ಕ ಹಿಡಿಯಲು ಹೊರಟ ಯಾವ ತಂಡದ ಖರೀದಿ ಪಟ್ಟಿ ನೋಡಿದರೂ ಮೊದಲ ಸಾಲಿನಲ್ಲಿ, ಹಗ್ಗದಲ್ಲಿ ಇಳಿಸಿ ತಳದ ಕೆಸರನ್ನು ಕಚ್ಚಿ ತರುವ ವ್ಯಾನ್ ವೀನ್ ಗ್ರ್ಯಾಬ್ ಇರುತ್ತದೆ. ಈ ವಿಮರ್ಶೆ ಅದರ ಸಣ್ಣ ಗಾತ್ರದ್ದು: ಬಾಯಿ 20 × 20 ಸೆಂ.ಮೀ., ಅಂದರೆ 0.04 ಚದರ ಮೀಟರ್. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಒಳ್ಳೆಯ ವೆಲ್ಡಿಂಗ್ ವರ್ಕ್‌ಶಾಪಿನವರೇ ಮಾಡಿಕೊಡಬಲ್ಲ ಮಾದರಿ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕೆಸರಿಗೂ ಮರಳು ಬೆರೆತ ಕೆಸರಿಗೂ ಯೋಚಿಸದೆ ಕೊಳ್ಳಬಹುದು. ಗಟ್ಟಿಯಾಗಿ ಕೂತ ಸಣ್ಣ ಮರಳಿಗೆ ತೂಕ ಕಟ್ಟಿದರೆ ಮಾತ್ರ. ಚಿಪ್ಪಿನ ರಾಶಿಗೆ, ಮುರಕಲ್ಲಿನ ತಳಕ್ಕೆ ಬೇಡವೇ ಬೇಡ. ಹಣ ಬಿಗಿಯಾಗಿದ್ದರೆ ಗ್ರ್ಯಾಬಿನಲ್ಲಿ ಉಳಿಸಿ, ಜರಡಿಯಲ್ಲಿ ಉಳಿಸಬೇಡಿ. ಕೆಟ್ಟ ಜರಡಿಯಲ್ಲಿ ಒಳ್ಳೆಯ ಗ್ರ್ಯಾಬಿನ ಕೆಸರು ತೊಳೆಯುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಡಚ್ ಎಂಜಿನಿಯರ್ ಯೋಹಾನ್ ವ್ಯಾನ್ ವೀನ್ 1933ರಲ್ಲಿ ರೂಪಿಸಿದ ಉಪಕರಣ ಇದು. ಎರಡು ದವಡೆ, ಒಂದೊಂದಕ್ಕೂ ಉದ್ದನೆಯ ತೋಳು, ನಡುವೆ ಬಾಯಿ ತೆರೆದು ಹಿಡಿಯುವ ಒಂದು ಕೊಕ್ಕೆ. ತಳ ಮುಟ್ಟಿದಾಗ ಹಗ್ಗ ಸಡಿಲಾಗಿ ಕೊಕ್ಕೆ ಕಳಚುತ್ತದೆ. ಮೇಲಕ್ಕೆಳೆದಾಗ ತೋಳುಗಳು ದವಡೆಯನ್ನು ಮುಚ್ಚುತ್ತವೆ. ಸ್ಪ್ರಿಂಗ್ ಇಲ್ಲ, ಹಗ್ಗದ ಮೇಲೆ ಜಾರಿಸುವ ಮೆಸೆಂಜರ್ ತೂಕವೂ ಇಲ್ಲ. ಉಪ್ಪುನೀರಿನಲ್ಲಿ ಕೆಡುವ ಭಾಗ ಕಡಿಮೆ ಇರುವುದೇ ಇದರ ದೊಡ್ಡ ಗುಣ. ತೋಳು ಉದ್ದವಿದ್ದಷ್ಟೂ ಕಚ್ಚುವ ಬಲ ಜಾಸ್ತಿ. ಸಾಗಿಸಲು ಸುಲಭವಾಗಲಿ ಎಂದು ತೋಳನ್ನು ಗಿಡ್ಡ ಮಾಡಿಸಿದ ಗ್ರ್ಯಾಬುಗಳು ಮರಳಿನ ಮೇಲೆ ಬರೀ ಕೆರೆದು ವಾಪಸ್ ಬರುತ್ತವೆ.

0.1 ಚದರ ಮೀಟರಿನ ದೊಡ್ಡದನ್ನೇ ಏಕೆ ಕೊಳ್ಳಬಾರದು? ಹಡಗು ಅಥವಾ ವಿಂಚ್ ಇರುವ ಬೋಟ್ ಇದ್ದರೆ ಅದನ್ನೇ ಕೊಳ್ಳಿ. ಆದರೆ ದೊಡ್ಡದು ಖಾಲಿ ಇದ್ದಾಗಲೇ ಮೂವತ್ತು ಕಿಲೋ ದಾಟುತ್ತದೆ. 12–15 ಲೀಟರ್ ಕೆಸರು ತುಂಬಿದರೆ ಮತ್ತೆ ಇಪ್ಪತ್ತು ಕಿಲೋ ಸೇರುತ್ತದೆ. ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಯ ಅಂಚಿನಿಂದ ಅದನ್ನು ಕೈಯಲ್ಲಿ ಎಳೆಯುವುದು ದೋಣಿ ಮಗುಚಲು ಆಹ್ವಾನ ಕೊಟ್ಟಂತೆಯೇ. ಸಣ್ಣದರಲ್ಲಿ ಭರ್ತಿ ಕೆಸರು ನಾಲ್ಕು ಲೀಟರಿನ ಆಸುಪಾಸು, ತೂಕ ಆರೇಳು ಕಿಲೋ. ಇಬ್ಬರು ಎಳೆಯಬಹುದು. ಕಾಳಿ, ಅಘನಾಶಿನಿ, ನೇತ್ರಾವತಿ-ಗುರುಪುರ ಅಳಿವೆಗಳಲ್ಲಿ ಇಳಿತದ ಹೊತ್ತಿನಲ್ಲಿ ದೊಡ್ಡ ಬೋಟ್ ಹೋಗದ ಕಡೆಗೂ ಇದು ಹೋಗುತ್ತದೆ.

ಸಣ್ಣ ಬಾಯಿಗೆ ತೆರಬೇಕಾದ ಬೆಲೆಯೂ ಇದೆ. ಚದರ ಮೀಟರಿಗೆ 10ರಂತೆ ಎಲ್ಲೆಂದರಲ್ಲಿ ಚದುರಿರುವ ಒಂದು ಜಾತಿ ಇದೆಯೆನ್ನಿ. 0.04 ಚದರ ಮೀಟರಿನ ಒಂದು ಹಿಡಿತದಲ್ಲಿ ಸಿಗುವ ಸರಾಸರಿ 0.4. ಅಂದರೆ 100 ಹಿಡಿತದಲ್ಲಿ 67ರಲ್ಲಿ ಅದು ಸಿಗುವುದೇ ಇಲ್ಲ. ಐದು ಹಿಡಿತ ಸೇರಿಸಿದರೆ ತಪ್ಪಿಹೋಗುವ ಸಾಧ್ಯತೆ ಶೇ. 13–14ಕ್ಕೆ ಇಳಿಯುತ್ತದೆ. ಜೀವಿಗಳು ಗುಂಪುಗುಂಪಾಗಿ ಇರುವುದೇ ಹೆಚ್ಚಾದ್ದರಿಂದ ನಿಜದಲ್ಲಿ ತಪ್ಪುವುದು ಇದಕ್ಕಿಂತ ಜಾಸ್ತಿ. ಹಾಗಾಗಿ ಒಂದು ಜಾಗಕ್ಕೆ ಮೂರು ಹಿಡಿತ ತೆಗೆದು ‘ಪ್ರಭೇದ ವೈವಿಧ್ಯ ಕಡಿಮೆ’ ಎಂದು ಬರೆಯುವ ವರದಿಗಳನ್ನು ನಂಬಬೇಡಿ. ಈ ಗಾತ್ರಕ್ಕೆ ಐದು ಕನಿಷ್ಠ. ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಬೇಕು, ಬೆರೆಸಬಾರದು. ಸಂಖ್ಯೆಯನ್ನು 25ರಿಂದ ಗುಣಿಸಿ ಚದರ ಮೀಟರಿಗೆ ಏರಿಸಬಹುದು. ಜಾತಿಗಳ ಎಣಿಕೆಯನ್ನು ಹಾಗೆ ಏರಿಸಲಾಗದು. 0.1ರ ಗ್ರ್ಯಾಬಿನ ಹಳೆಯ ದತ್ತಾಂಶದ ಪಕ್ಕ ಇಟ್ಟು ಹೋಲಿಸುವಾಗ ಎರಡೂ ಕಡೆ ಒಟ್ಟು ವಿಸ್ತೀರ್ಣ ಸಮವಿರಲಿ: ಇದರ ಐದು, ಅದರ ಎರಡು.

ಕೊಳ್ಳುವ ದಿನ ವರ್ಕ್‌ಶಾಪಿನಲ್ಲೇ ಮಾಡಬೇಕಾದ ಪರೀಕ್ಷೆಗಳು ಕೆಲವಿವೆ. ಸ್ಟೀಲ್ 316 ದರ್ಜೆಯದ್ದೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅದರಲ್ಲಿ ಶೇ. 2–3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಕ್ಲೋರೈಡಿನಿಂದ ತೂತು ಬೀಳುವುದನ್ನು ತಡೆಯುವುದು ಅದೇ. 304ರಲ್ಲಿ ಮಾಡಿದ್ದು ಅಂಗಡಿಯಲ್ಲಿ ಅಷ್ಟೇ ಹೊಳೆಯುತ್ತದೆ, ಆದರೆ ಕಡಲಿಗಿಳಿದ ಮೇಲೆ ವೆಲ್ಡಿಂಗ್ ಸಾಲಿನುದ್ದಕ್ಕೂ ಕಂದು ಚುಕ್ಕೆ ಏಳುತ್ತದೆ. ಬಾಯಿಯನ್ನು ಪೂರ್ತಿ ತೆರೆದು ಒಳಅಳತೆ ತೆಗೆಯಿರಿ. ಕೈಯಲ್ಲಿ ಬಗ್ಗಿಸಿದ ತಗಡು ಸಾಮಾನ್ಯವಾಗಿ ಹೇಳಿದ ಅಳತೆಗೆ ಬರುವುದಿಲ್ಲ. 19.5 × 20 ಬಂದರೆ ವಿಸ್ತೀರ್ಣ 390 ಚದರ ಸೆಂ.ಮೀ., ಗುಣಕ 25 ಅಲ್ಲ, 25.6. ಇದು ದೋಷವಲ್ಲ, ಆದರೆ ಬರೆದಿಟ್ಟುಕೊಂಡಿರಬೇಕು.

ಆಮೇಲೆ ದವಡೆ ಮುಚ್ಚಿ, ಅಂಚಿನ ನಡುವೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಅಂಚಿನುದ್ದಕ್ಕೂ ಐದಾರು ಕಡೆ ಹೀಗೆ ನೋಡಬೇಕು. ಪಟ್ಟಿ ಸಲೀಸಾಗಿ ಜಾರಿ ಬಂದ ಕಡೆಯಿಂದಲೇ ಮುಂದೆ ಕೆಸರುನೀರು ಸೋರುವುದು, ಅದರೊಂದಿಗೆ ಮೇಲ್ಪದರದ ಹಗುರ ಜೀವಿಗಳೂ ಹೋಗುವುದು. ಪಕ್ಕದ ತಗಡುಗಳು ಒಂದರೊಳಗೊಂದು ಸರಿಯುವ ಜಾಗದಲ್ಲಿ ಒಂದು ಮಿಲಿಮೀಟರ್ ಸಂದಿಯನ್ನು ಸಹಿಸಬಹುದು, ಕೆಳ ಅಂಚಿನಲ್ಲಿ ಅಷ್ಟೂ ಕೂಡದು.

ಮೇಲ್ಭಾಗದ ಕಿಟಕಿಗಳನ್ನು ಮರೆಯಬೇಡಿ. ದವಡೆಗಳ ಬೆನ್ನಿನಲ್ಲಿ ಸಣ್ಣ ಜಾಲರಿ ಹಾಕಿದ ತೂತು, ಅದರ ಮೇಲೆ ರಬ್ಬರ್ ಮುಚ್ಚಳ ಇರಬೇಕು. ಇಳಿಯುವಾಗ ಮುಚ್ಚಳ ತೆರೆದು ನೀರು ಹಾದುಹೋಗಬೇಕು, ಏರುವಾಗ ಮುಚ್ಚಿಕೊಂಡು ಹಿಡಿದದ್ದನ್ನು ಕಾಯಬೇಕು. ಖರ್ಚು ಉಳಿಸಲು ಬೆನ್ನನ್ನು ಪೂರಾ ತಗಡಿನಿಂದ ಮುಚ್ಚಿದ ಗ್ರ್ಯಾಬುಗಳೂ ಮಾರುಕಟ್ಟೆಯಲ್ಲಿವೆ. ಅಂಥದ್ದನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಅದು ಇಳಿಯುವಾಗ ತನ್ನ ಮುಂದೆ ನೀರನ್ನು ತಳ್ಳಿಕೊಂಡೇ ಹೋಗುತ್ತದೆ. ಆ ನೀರು ತಳದ ನಯವಾದ ಪದರವನ್ನು ದವಡೆ ಮುಟ್ಟುವ ಮೊದಲೇ ಆಚೀಚೆ ಊದಿಬಿಡುತ್ತದೆ. ಮರಿಚಿಪ್ಪು, ಕ್ಯುಮೇಷಿಯನ್ ಎಂಬ ಸಣ್ಣ ಕವಚಜೀವಿ, ಸಣ್ಣ ಸ್ಪಯೋನಿಡ್ ಹುಳು ಇರುವುದೇ ಮೇಲಿನ ಎರಡು ಮೂರು ಸೆಂಟಿಮೀಟರಿನಲ್ಲಿ.

ಕಿಟಕಿ ಇದ್ದರೂ ಕೊನೆಯ ಎರಡು ಮೀಟರನ್ನು ನಿಧಾನವಾಗಿ ಇಳಿಸಬೇಕು. ಅದಕ್ಕೆ ಆಳ ಗೊತ್ತಿರಬೇಕು. ಆದ್ದರಿಂದ ಹಗ್ಗಕ್ಕೆ ಮೀಟರಿಗೊಂದು ಗುರುತು ಹಾಕಿ. ಹಗ್ಗ 10–12 ಮಿ.ಮೀ. ಪಾಲಿಯೆಸ್ಟರ್ ಇರಲಿ. ಪಾಲಿಪ್ರೊಪಿಲೀನ್ ಅಗ್ಗ, ಆದರೆ ನೀರಿನ ಮೇಲೆ ತೇಲಿ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಹಿಗ್ಗುತ್ತದೆ, ತಳ ಮುಟ್ಟಿದ್ದು ಕೈಗೆ ಗೊತ್ತಾಗುವುದಿಲ್ಲ.

ಅರ್ಧ ದಾರಿಯಲ್ಲೇ ಕೊಕ್ಕೆ ಕಳಚಿ ಖಾಲಿ ಬರುವುದು ಈ ಗ್ರ್ಯಾಬಿನ ಬಗ್ಗೆ ಹೆಚ್ಚು ಕೇಳಿಬರುವ ದೂರು. ಬಹುಪಾಲು ತಪ್ಪು ಉಪಕರಣದ್ದಲ್ಲ. ಅಲೆಗೆ ದೋಣಿ ಏರಿ ಇಳಿದಾಗ ಹಗ್ಗ ಒಂದು ಕ್ಷಣ ಸಡಿಲಾಗುತ್ತದೆ, ಕೊಕ್ಕೆಗೆ ಅಷ್ಟು ಸಾಕು. ದೋಣಿ ಇಳಿಯುವಾಗ ಹಗ್ಗವನ್ನು ಹಿಡಿದು, ಏರುವಾಗ ಬಿಡುತ್ತ ಹೋದರೆ ಬಿಗಿ ತಪ್ಪುವುದಿಲ್ಲ. ಅಳಿವೆಬಾಯಿಯಲ್ಲಿ ಭರತ-ಇಳಿತದ ಸೆಳೆತ ಜೋರಿರುವಾಗ ಹಗ್ಗ ಓರೆಯಾಗಿ, ಗ್ರ್ಯಾಬ್ ಮಗ್ಗುಲಾಗಿ ಬಿದ್ದು ಒಂದೇ ಕಡೆ ಕಚ್ಚುತ್ತದೆ. ಸೆಳೆತ ನಿಲ್ಲುವ ಅರ್ಧ ಗಂಟೆಯನ್ನು ಕಾದು ಹಿಡಿಯುವುದೊಂದೇ ಅದಕ್ಕೆ ಮದ್ದು. ಕೊಕ್ಕೆಗೆ ಸುರಕ್ಷತಾ ಪಿನ್ ಇರಲೇಬೇಕು, ಗ್ರ್ಯಾಬ್ ದೋಣಿಯ ಹೊರಗೆ ನೀರಿನ ಮೇಲೆ ತೂಗಾಡುವಾಗ ಮಾತ್ರ ಅದನ್ನು ಎಳೆಯಬೇಕು. ಬೆರಳು ಸಿಕ್ಕರೆ ಇದು ಕೆಸರಿಗೂ ಮೂಳೆಗೂ ವ್ಯತ್ಯಾಸ ಮಾಡುವುದಿಲ್ಲ.

ಮೇಲೆ ಬಂದ ಮೇಲೆ ಕಿಟಕಿ ತೆರೆದು ನೋಡಿ. ಕೆಸರಿನ ಮೇಲೆ ತಿಳಿನೀರು ನಿಂತಿದ್ದು, ಮೇಲ್ಮೈ ಕದಡದೆ ಹುಳುಗಳ ಕೊಳವೆಗಳು ನೆಟ್ಟಗೆ ಕಂಡರೆ ಆ ಹಿಡಿತ ಒಳ್ಳೆಯದು. ದವಡೆಯ ಸಂದಿಯಲ್ಲಿ ಚಿಪ್ಪೋ ಕಲ್ಲೋ ಸಿಕ್ಕಿ ನೀರು ಸುರಿಯುತ್ತಿದ್ದರೆ ಅದನ್ನು ಚೆಲ್ಲಿ ಮತ್ತೆ ಹಾಕಿ. ಕಿಟಕಿಯ ಜಾಲರಿಗೆ ಕೆಸರು ಒತ್ತಿಕೊಂಡಿದ್ದರೂ ಚೆಲ್ಲಬೇಕು: ಗ್ರ್ಯಾಬ್ ಪೂರಾ ಹೂತುಹೋಗಿತ್ತು, ಮೇಲ್ಪದರ ಹೊರಗೆ ಹರಿದಿದೆ ಎಂದರ್ಥ. ಪ್ರಮಾಣ ಅಳೆಯಲು ಗೀಟು ಹಾಕಿದ ಬಕೆಟ್ ಸಾಕು. ಈ ಬಾಯಿಗೆ ಎರಡು ಲೀಟರ್ ಬಂದರೆ ಸರಾಸರಿ 5 ಸೆಂ.ಮೀ. ಆಳ ಕಚ್ಚಿದೆ. ಮರಳಿಗೆ ಅದನ್ನೇ ಕೆಳಮಿತಿಯಾಗಿ ಇಟ್ಟುಕೊಳ್ಳಬಹುದು, ಮೆತ್ತನೆ ಕೆಸರಿಗೆ ಮೂರು ಲೀಟರಿಗಿಂತ ಕಡಿಮೆ ಒಪ್ಪಬೇಡಿ. ಎಸೆದ ಹಿಡಿತಗಳನ್ನೂ ಪುಸ್ತಕದಲ್ಲಿ ಬರೆಯಿರಿ. ಯಾವ ತಳದಲ್ಲಿ ಗ್ರ್ಯಾಬ್ ಸೋತಿತು ಎಂಬುದೂ ಮಾಹಿತಿಯೇ.

ತೂಕ ಕಟ್ಟುವ ವಿಚಾರ. ಸಮುದ್ರದ ಕಡೆ ಐದಾರು ಮೀಟರ್ ಆಳದಲ್ಲಿ ಅಲೆ ತುಳಿದು ಗಟ್ಟಿ ಮಾಡಿದ ಸಣ್ಣ ಮರಳಿರುತ್ತದೆ. ಅಲ್ಲಿ ಬರೀ ಗ್ರ್ಯಾಬ್ ಒಂದೆರಡು ಸೆಂಟಿಮೀಟರ್ ಕೆರೆದು ಬರುತ್ತದೆ. ದವಡೆಯ ಎರಡೂ ಬೆನ್ನಿಗೆ ಸಮನಾಗಿ ಸೀಸದ ಗಟ್ಟಿಗಳನ್ನು ಬೋಲ್ಟ್ ಮಾಡುವಂತೆ ಮೊದಲೇ ತೂತು ಹಾಕಿಸಿಕೊಂಡಿರಿ. ಕೆಸರಿನಲ್ಲಿ ಅದೇ ತೂಕ ಉಳಿದರೆ ಗ್ರ್ಯಾಬ್ ಹೂತುಹೋಗುತ್ತದೆ, ಆದ್ದರಿಂದ ಬಿಚ್ಚುವಂತಿರಬೇಕು. ಎಷ್ಟೇ ತೂಕ ಹಾಕಿದರೂ ಒಂದು ಮಿತಿ ದಾಟಲಾಗದು: ಈ ದವಡೆ ಕಮಾನಿನಂತೆ ಅಗೆಯುತ್ತದೆ, ನಡುವೆ ಆಳ, ಅಂಚಿನಲ್ಲಿ ತೆಳು. ಒಂದಡಿ ಬಿಲ ತೋಡುವ ಮಣ್ಣುಸಿಗಡಿ, ನೆಟ್ಟಗೆ ಹೂತಿರುವ ಉದ್ದ ಚಿಪ್ಪಿನ ಸೊಲೆನ್ ಇದಕ್ಕೆ ಸಿಗುವುದಿಲ್ಲ. ಪಟ್ಟಿಯಲ್ಲಿ ಅವು ಇಲ್ಲದಿರುವುದು ಕೆಸರಿನಲ್ಲಿ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಈಗ ಜರಡಿ. ಮ್ಯಾಕ್ರೋಫಾನಾ ಎಂದರೆ 0.5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಉಳಿಯುವುದು ಎಂಬ ಲೆಕ್ಕ ಭಾರತದ ಅಧ್ಯಯನಗಳಲ್ಲಿ ರೂಢಿ, 1 ಮಿ.ಮೀ. ಬಳಸುವವರೂ ಇದ್ದಾರೆ. ನಮ್ಮ ಅಳಿವೆಗಳ ಹುಳುಗಳು ಸಣ್ಣವು, 1 ಮಿ.ಮೀ. ಮಾತ್ರ ಬಳಸಿದರೆ ಮರಿಗಳ ಜೊತೆಗೆ ಬೆಳೆದ ಹುಳುಗಳೂ ಹರಿದುಹೋಗುತ್ತವೆ. ಕೊಳ್ಳುವುದಾದರೆ ಎರಡೂ ಇರಲಿ, 1 ಮೇಲೆ, 0.5 ಕೆಳಗೆ; ಚಿಪ್ಪು, ಕಾಂಡ್ಲಾ (ಮ್ಯಾಂಗ್ರೋವ್) ಎಲೆ ಮೇಲಿನದರಲ್ಲೇ ನಿಲ್ಲುತ್ತವೆ. 0.5ರ ಚೌಕ ಕಣ್ಣಿನ ಕರ್ಣ 0.7 ಮಿ.ಮೀ. ಎಂಬುದು ನೆನಪಿರಲಿ. ಬಲೆಯ ಮೇಲೆ ನೀರಿನ ಜೋರು ಧಾರೆ ಬಿಟ್ಟರೆ ತೆಳ್ಳನೆಯ ಹುಳು ಅಲ್ಲಿಂದ ನೂಲಿನಂತೆ ಇಳಿದುಹೋಗುತ್ತದೆ, ಇಲ್ಲವೇ ತುಂಡಾಗುತ್ತದೆ. ತುಂಡಾದವನ್ನು ಎಣಿಸುವಾಗ ತಲೆ ಇದ್ದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಸರಿಯಾದ ಕ್ರಮ ನಿಧಾನದ್ದು. ಕೆಸರನ್ನು ಟಬ್ಬಿನಲ್ಲಿ ಹಾಕಿ, ನೀರು ಸುರಿದು, ಕೈಯಿಂದ ಮೆಲ್ಲಗೆ ಕದಡಿ, ತೇಲಿದ್ದನ್ನು ಜರಡಿಗೆ ಬಗ್ಗಿಸಿ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ, ಕೊನೆಗೆ ತಳದ ಮರಳನ್ನೂ ಜರಡಿಗೆ ಸುರಿಯಿರಿ. ಜರಡಿಯನ್ನು ಅರ್ಧ ನೀರಿನಲ್ಲಿ ಮುಳುಗಿಸಿ ಅಲ್ಲಾಡಿಸುವುದೇ ಲೇಸು. ತೊಳೆಯಲು ಪಂಪಿನಿಂದ ಸಮುದ್ರದ ನೀರು ಹಾಯಿಸುವುದಾದರೆ ಕೊಳವೆಯ ತುದಿಗೆ 250 ಮೈಕ್ರಾನಿನ ಬಟ್ಟೆ ಕಟ್ಟಿ. ಇಲ್ಲದಿದ್ದರೆ ಮೇಲ್ನೀರಿನ ಏಡಿಮರಿ, ಕೋಪೆಪಾಡ್ ತಳದ ಪಟ್ಟಿಗೆ ನುಗ್ಗುತ್ತವೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಜರಡಿಯನ್ನು ಬೋರಲು ಮಾಡಿ ಹಿಂಬದಿಯಿಂದ ತೊಳೆಯದಿದ್ದರೆ ಹಿಂದಿನ ಜಾಗದ ಹುಳು ಮುಂದಿನ ಡಬ್ಬಿಯಲ್ಲಿ ಸಿಗುತ್ತದೆ. ಜರಡಿ ಕೊಳ್ಳುವಾಗ ಬಲೆ ಚೌಕಟ್ಟಿಗೆ ಸೇರುವ ಬೆಸುಗೆಯ ಸಾಲನ್ನು ಬೆಳಕಿಗೆ ಹಿಡಿದು ನೋಡಿ. ಮೊದಲು ಬಿಡುವುದು ಅಲ್ಲಿಯೇ. ವ್ಯಾಸ 30 ಸೆಂ.ಮೀ.ಗಿಂತ ಚಿಕ್ಕದು ಬೇಡ, ಕೆಸರು ಬೇಗ ಕಟ್ಟಿಕೊಳ್ಳುತ್ತದೆ.

ಸಂರಕ್ಷಣೆಗೆ ಬೇಕಾದ ಸಾಮಾನು ಗ್ರ್ಯಾಬಿನ ಜೊತೆ ಬರುವುದಿಲ್ಲ, ಅದರ ಖರ್ಚನ್ನೂ ಸೇರಿಸಿಕೊಳ್ಳಿ. ಹುಳುಗಳು ಸುರುಳಿ ಸುತ್ತಿಕೊಂಡು ಸತ್ತರೆ ಗುರುತಿಸುವುದು ಕಷ್ಟ. ಹಾಗಾಗಿ ಮೊದಲು ಲೀಟರ್ ಸಿಹಿನೀರಿಗೆ 75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ ಕರಗಿಸಿದ ದ್ರಾವಣದಲ್ಲಿ ಹತ್ತಿಪ್ಪತ್ತು ನಿಮಿಷ ಬಿಡಿ. ಆಮೇಲೆ ಶೇ. 10ರ ಫಾರ್ಮಲಿನ್: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ಸೋಸಿದ ಸಮುದ್ರದ ನೀರು 900 ಮಿ.ಲೀ. ಎಡವುವುದು ಇಲ್ಲಿ: ಡಬ್ಬಿಯಲ್ಲಿ ಆಗಲೇ ಅರ್ಧ ಲೀಟರ್ ನೀರು ಕುಡಿದ ಕೆಸರಿದ್ದರೆ, ಅದಕ್ಕೆ ಅರ್ಧ ಲೀಟರ್ ಹಾಕಿದಾಗ ಉಳಿಯುವ ಸಾಂದ್ರತೆ ಶೇ. 5ರ ಆಸುಪಾಸು. ಎಲೆ, ಕಸ ಹೆಚ್ಚಿದ್ದರೆ ಅಷ್ಟರಲ್ಲಿ ಕೊಳೆಯುವುದು ನಿಲ್ಲುವುದಿಲ್ಲ. ಮೂಲ ಫಾರ್ಮಲಿನ್ ಬಾಟಲಿಗೆ ತಳದಲ್ಲಿ ಕರಗದೆ ಉಳಿಯುವಷ್ಟು ಬೊರಾಕ್ಸ್ ಹಾಕಿಡಿ. ಹಾಕದಿದ್ದರೆ ಅದರ ಹುಳಿ ಮರಿಬಳಚಿನ ಚಿಪ್ಪನ್ನು ಕರಗಿಸುತ್ತದೆ, ಆರು ತಿಂಗಳ ನಂತರ ಡಬ್ಬಿ ತೆರೆದರೆ ಬರೀ ಮೆತ್ತನೆ ಮಾಂಸ ಸಿಗುತ್ತದೆ. ಜೀವಿಗಳು ಎದ್ದು ಕಾಣಲೆಂದು ಹಾಕುವ ರೋಸ್ ಬೆಂಗಾಲ್ ಬಣ್ಣ ಲೀಟರಿಗೆ 0.1 ಗ್ರಾಂ ಸಾಕು, ಎರಡು ದಿನ ಬಿಡಬೇಕು. ಹೆಚ್ಚಾದರೆ ಹುಳುವಿನ ಬಿರುಗೂದಲ ವಿವರ ಕಾಣದಷ್ಟು ಕಪ್ಪುಗೆಂಪಾಗುತ್ತದೆ. ಡಿಎನ್‌ಎ ಕೆಲಸ ಇದ್ದರೆ ಅದರ ಪಾಲನ್ನು ಫಾರ್ಮಲಿನ್ನಿಗೆ ತೋರಿಸಲೇ ಬಾರದು, ಶೇ. 95ರ ಎಥನಾಲ್ ಬೇರೆ ಡಬ್ಬಿಯಲ್ಲಿ. ಫಾರ್ಮಲಿನ್ ಕ್ಯಾನ್ಸರ್‌ಕಾರಕ ಎಂಬುದು ಸ್ಥಾಪಿತ ಸಂಗತಿ. ಕೈಗವಸು ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ, ಉಳಿದದ್ದನ್ನು ಹೊಳೆಗೆ ಸುರಿಯಬೇಡಿ.

ಮಿಯೋಫಾನಾಕ್ಕೆ, ಅಂದರೆ 0.5 ಮಿ.ಮೀ. ಜರಡಿ ದಾಟಿ 63 ಮೈಕ್ರಾನಿನಲ್ಲಿ ನಿಲ್ಲುವ ಜೀವಿಗಳಿಗೆ, ಈ ಗ್ರ್ಯಾಬ್ ಬಳಸಬೇಡಿ ಎಂದು ಒತ್ತಿ ಹೇಳುತ್ತೇವೆ. ಕೆಸರಿನಲ್ಲಿ ಅವುಗಳ ಬಹುಪಾಲು ಮೇಲಿನ ಎರಡು ಸೆಂಟಿಮೀಟರಿನಲ್ಲೇ ಇರುತ್ತವೆ. ಗ್ರ್ಯಾಬ್ ಕಳೆಯುವುದೂ ಅದನ್ನೇ. ಚದರ ಮೀಟರಿಗೆ ಹತ್ತು ಲಕ್ಷದ ಲೆಕ್ಕದಲ್ಲಿ ಇರುವ ಜೀವಿಗಳಿಗೆ ದೊಡ್ಡ ಬಾಯಿಯೂ ಬೇಕಿಲ್ಲ. ಔಷಧಿ ಅಂಗಡಿಯ 60 ಮಿ.ಲೀ. ಸಿರಿಂಜಿನ ಮೂತಿ ಕತ್ತರಿಸಿ, ಅಂಚು ಹರಿತ ಮಾಡಿದರೆ ಕೆಲಸ ಆಯಿತು. ಒಳವ್ಯಾಸ 2.6 ಸೆಂ.ಮೀ. ಇದ್ದರೆ ವಿಸ್ತೀರ್ಣ 5.3 ಚದರ ಸೆಂ.ಮೀ. ಪಿಸ್ಟನ್ನನ್ನು ಕೆಸರಿನ ಮೇಲ್ಮೈಗೆ ತಾಗಿಸಿ ಅಲ್ಲೇ ಸ್ಥಿರವಾಗಿ ಹಿಡಿದು, ಹೊರಕೊಳವೆಯನ್ನು ಮಾತ್ರ ಒತ್ತಬೇಕು. ಎರಡನ್ನೂ ಒಟ್ಟಿಗೆ ಒತ್ತಿದರೆ ಕೆಸರು ಅದುಮಿ ಪದರಗಳ ಆಳ ತಪ್ಪಾಗುತ್ತದೆ. ಮರಳಿನಿಂದ ಇವನ್ನು ಬೇರ್ಪಡಿಸಲು ಲುಡಾಕ್ಸ್ (ಸಿಲಿಕಾದ ಅತಿ ಸಣ್ಣ ಕಣಗಳ) ದ್ರಾವಣವನ್ನು 1.18 ಸಾಪೇಕ್ಷ ಸಾಂದ್ರತೆಗೆ ತಂದು ತೇಲಿಸುವುದು ರೂಢಿ. ಅದಕ್ಕೆ ಮೊದಲು ಮಾದರಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಉಪ್ಪು ಉಳಿದಿದ್ದರೆ ಲುಡಾಕ್ಸ್ ಹೆಪ್ಪುಗಟ್ಟುತ್ತದೆ.

ಇಳಿತದಲ್ಲಿ ಬಯಲಾಗುವ ಕೆಸರುದಿಬ್ಬ, ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ಕಾಂಡ್ಲಾ ಬುಡಗಳಿಗೂ ಗ್ರ್ಯಾಬ್ ಬೇಡ. ಪ್ಲಂಬಿಂಗಿನ ಪಿವಿಸಿ ಪೈಪಿನ ಒಂದೂವರೆ ಅಡಿ ತುಂಡು, ಮೇಲೆ ರಬ್ಬರ್ ಬಿರಡೆ. ಪೈಪಿನ ಮೇಲೆ ಅಚ್ಚಾಗಿರುವುದು ಹೊರವ್ಯಾಸ. ಒಳವ್ಯಾಸವನ್ನು ನೀವೇ ಅಳೆಯಬೇಕು. 10.4 ಸೆಂ.ಮೀ. ಬಂದರೆ 85 ಚದರ ಸೆಂ.ಮೀ., ಚದರ ಮೀಟರಿಗೆ ಏರಿಸುವ ಗುಣಕ ಸುಮಾರು 118. ಇಪ್ಪತ್ತು ಸೆಂಟಿಮೀಟರ್ ಒತ್ತಿ, ಬಿರಡೆ ಹಾಕಿ, ಪಕ್ಕದಿಂದ ಕೈ ತೂರಿಸಿ ತಳ ಮುಚ್ಚಿ ಎತ್ತಿದರೆ ಗ್ರ್ಯಾಬಿಗಿಂತ ಶುದ್ಧವಾದ ಮಾದರಿ ಸಿಗುತ್ತದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಬರೀ ಅಳಿವೆಯ ದಂಡೆಯದ್ದಾದರೆ ಗ್ರ್ಯಾಬ್ ಕೊಳ್ಳುವುದೇ ದಂಡ.

ಬೇರೆ ಆಯ್ಕೆಗಳ ಬಗ್ಗೆ ಎರಡು ಮಾತು ಸಾಕು. 15 × 15 ಸೆಂ.ಮೀ.ನ ಎಕ್‌ಮನ್ ಗ್ರ್ಯಾಬ್ ಕೆರೆಯ ಮೆತ್ತನೆ ಕೆಸರಿಗೆ ಹೇಳಿ ಮಾಡಿಸಿದ್ದು. ಅಳಿವೆಯ ಮರಳಿನಲ್ಲಿ ಅದರ ಸ್ಪ್ರಿಂಗಿಗೆ ಬಲ ಸಾಲದು, ಒಂದು ಚಿಪ್ಪು ಸಿಕ್ಕರೂ ಮುಚ್ಚುವುದಿಲ್ಲ. ಪೋನಾರ್ ಗ್ರ್ಯಾಬ್ ಮರಳು, ಸಣ್ಣ ಕಲ್ಲಿಗೆ ವ್ಯಾನ್ ವೀನ್‌ಗಿಂತ ಚೆನ್ನ, ಆದರೆ ಅದೇ ಗಾತ್ರಕ್ಕೆ ಭಾರ ಹೆಚ್ಚು.

ಕಾಲದ ಲೆಕ್ಕವೂ ಇರಲಿ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧ; ಬಾಡಿಗೆಗೆ ಬೋಟ್ ಸಿಗದು, ಸಿಕ್ಕರೂ ಆ ಕಡಲಿನಲ್ಲಿ ಈ ಗ್ರ್ಯಾಬ್ ಕೆಲಸ ಮಾಡದು. ಮಳೆಗಾಲದ ಕೊನೆಗೆ ಆಮ್ಲಜನಕ ಕಡಿಮೆಯಿರುವ ನೀರು ಆಳದಿಂದ ದಂಡೆಯ ಕಡೆಗೆ ಬಂದು ತಳದಲ್ಲಿ ನಿಲ್ಲುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ತೆಗೆದ ಮಾದರಿಯಲ್ಲಿ ಕೆಸರು ಮೇಲಿನಿಂದಲೇ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ಒಂದೆರಡು ಜಾತಿಯ ಸ್ಪಯೋನಿಡ್ ಹುಳು ಬಿಟ್ಟು ಬೇರೇನೂ ಸಿಗದಿದ್ದರೆ, ಹತ್ತಿರದ ಕಾರ್ಖಾನೆಯ ಕೊಳವೆಯನ್ನು ದೂರುವ ಮೊದಲು ತಳನೀರಿನ ಆಮ್ಲಜನಕ ಅಳೆಯಿರಿ. ಪ್ರತಿ ಜಾಗದಲ್ಲೂ ಕಣಗಾತ್ರ ಮತ್ತು ಸಾವಯವ ಇಂಗಾಲಕ್ಕೆಂದು ಬೇರೆಯದೇ ಒಂದು ಹಿಡಿತ ಬೇಕು. ಎಣಿಕೆಯ ಹಿಡಿತದಿಂದಲೇ ಒಂದು ಚಮಚ ತೆಗೆದರೆ 0.04 ಎಂಬ ವಿಸ್ತೀರ್ಣ ಅಲ್ಲಿಗೆ ಸುಳ್ಳಾಗುತ್ತದೆ.

ಆರೈಕೆ ಸುಲಭ. ದಿನದ ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಕೀಲುಗಳಲ್ಲಿ ಸಿಕ್ಕಿದ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಬಾಯಿ ತೆರೆದೇ ಒಣಗಿಸಿ. ಹಗ್ಗ ಕಟ್ಟುವ ಶ್ಯಾಕಲ್ ಕಲಾಯಿ ಹಾಕಿದ ಸಾದಾ ಕಬ್ಬಿಣದ್ದಾದರೆ ಸ್ಟೇನ್‌ಲೆಸ್ಸಿನ ಪಕ್ಕದಲ್ಲಿ ಅದೇ ಮೊದಲು ತಿನ್ನಿಸಿಕೊಳ್ಳುತ್ತದೆ, ಇಡೀ ಗ್ರ್ಯಾಬ್ ತಳಕ್ಕೆ ಹೋಗುವುದು ಆ ಒಂದು ಕೊಂಡಿ ತುಂಡಾಗಿ. ಅದನ್ನೂ 316ರದ್ದೇ ಹಾಕಿಸಿ, ಪಿನ್ ಸಡಿಲಾಗದಂತೆ ತಂತಿ ಬಿಗಿಯಿರಿ. ಕಿಟಕಿಯ ರಬ್ಬರ್ ಬಿಸಿಲಿಗೆ ಬಿರಿಯುತ್ತದೆ. ವರ್ಷಕ್ಕೊಮ್ಮೆ ಸೈಕಲ್ ಅಂಗಡಿಯ ಹಳೆ ಟ್ಯೂಬ್ ಕತ್ತರಿಸಿ ಬದಲಾಯಿಸಿದರೆ ಸಾಕು.